ಕಾಣೆ ಮೀನಿಗೆ ಕಪ್ಪು ದಾರ

ಇಸೊಗೈ ಶಿಗೆಮಿತ್ಸುವಿನ ಕ್ರಾಪು ಎಂದರೆ ತಾತೆಹಾಮ ಬಂದರಿಗೆ ಎರಡನೆಯ ದೀಪಸ್ತಂಭ. ಹಣೆಯ ಮೇಲಿಂದ ಮುಂದಕ್ಕೆ ಉಬ್ಬಿ, ದಡಕ್ಕೆ ಅಪ್ಪಳಿಸುವ ಮೊದಲು ಅಲೆಯೊಂದು ಮನಸ್ಸು ಬದಲಿಸಿ ಅಲ್ಲೇ ನಿಂತುಬಿಟ್ಟ ಹಾಗೆ ನಿಂತ, ಎಣ್ಣೆ ಮಿಂಚುವ ಕಪ್ಪು ಕ್ರಾಪು. ಹದಿನೆಂಟರ ವಯಸ್ಸಿನಲ್ಲಿ ಮೋಟರ್‌ಸೈಕಲ್ ಹುಡುಗರ ಸಂಗ ಮಾಡಿ ಬಿಟ್ಟುಕೊಂಡದ್ದು. ಈಗ ಅವನಿಗೆ ಅರವತ್ನಾಲ್ಕು. ಸಂಗಡಿಗರ ತಲೆಗಳೆಲ್ಲ ನೆರೆತವು, ಉದುರಿದವು, ಒಬ್ಬಿಬ್ಬರು ತಲೆಯ ಸಮೇತ ಹೊರಟೇ ಹೋದರು. ಶಿಗೆಮಿತ್ಸುವಿನ ಅಲೆ ಮಾತ್ರ ಇಳಿಯಲಿಲ್ಲ. ಅವನದು ಕ್ಷೌರದಂಗಡಿ. ಆ ತಲೆಯೇ ಅಂಗಡಿಯ ಬೋರ್ಡು.

ಬೋರ್ಡು ಸುಳ್ಳಾಗಿ ಹನ್ನೊಂದು ವರ್ಷವಾಗಿತ್ತು. ಅದು ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ಫುಸಾಎಗೆ ಮಾತ್ರ, ಅಥವಾ ಅವನು ಹಾಗೆ ನಂಬಿದ್ದ. ಕಿವಿಯ ಮೇಲಿನದು, ಹಿಂದಲೆಯದು ಹುಟ್ಟಿದಾಗಿನಿಂದ ಬಂದದ್ದೇ. ಮುಂದಿನ ಅಲೆಯನ್ನು ಮಾತ್ರ ಅವನು ಸಣ್ಣ ಬಲೆಯ ಮೇಲೆ ಒಂದೊಂದೇ ಕೂದಲು ಹೆಣೆದು, ತನ್ನ ಕೈಯಾರೆ ಕಟ್ಟಿಕೊಂಡಿದ್ದ. ಊರಿನ ಗಂಡಸರೆಲ್ಲ ಅವನ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ಆ ವಿಗ್ಗನ್ನೇ ಆಸೆಗಣ್ಣಿನಿಂದ ನೋಡುತ್ತ, "ನಿಮ್ಮ ತಲೆ ನೋಡಿದರೆ ನಮಗೂ ಧೈರ್ಯ ಬರುತ್ತೆ ಕಣ್ರೀ" ಎನ್ನುತ್ತಿದ್ದರು. ಹಾಗೆಂದವರಿಗೆ ಅವನು ಕೂದಲು ಬೆಳೆಯುವ ಎಣ್ಣೆಯ ಸೀಸೆಯನ್ನೂ ದಾಟಿಸುತ್ತಿದ್ದ.

ಹೀಗಿರುವವನು, ತಲೆ ಬೋಳಿಸಿಕೊಳ್ಳುವ ಪಂಥ ಕಟ್ಟುತ್ತಾನೆಯೇ? ಕಟ್ಟಿದ. ಎಲ್ಲ ಹಾಳು ಕೆಲಸಗಳ ಹಾಗೆ ಅದೂ ಬಾಯಿ ಜಾರಿ ಆದದ್ದು.

ಕ್ಷೌರದಂಗಡಿಗೆ ಸೋಮವಾರ ರಜೆ. ಸೋಮವಾರ ಬೆಳಿಗ್ಗೆ ಗಾಳದವರನ್ನು ಸಮುದ್ರಕ್ಕೆ ಒಯ್ಯುವ ನಮೆಕಾವಾ ತಾಂಡೇಲನ ದೋಣಿ ಹತ್ತಿ ಗಾಳ ಹಾಕಲು ಹೋಗುವುದು ಅವನ ರೂಢಿ. ಚಳಿಗಾಲ ಬರುವ ಹೊತ್ತಿಗೆ ಕೊಲ್ಲಿಯ ಬಾಯಲ್ಲಿ ಕತ್ತಿಮೀನು ಸೇರುತ್ತದೆ: ಹೊಳೆಯುವ ಬೆಳ್ಳಿಯ ಪಟ್ಟಿಯ ಹಾಗೆ ಉದ್ದಕ್ಕೆ, ಚಪ್ಪಟೆಯಾಗಿ ಇರುತ್ತದೆ, ಬಾಯಿ ತೆರೆದರೆ ಸೂಜಿಯ ಡಬ್ಬಿ. ಹೋದ ಸೋಮವಾರ ಆ ಹಲ್ಲು ಶಿಗೆಮಿತ್ಸುವಿನ ದಾರವನ್ನು ಎರಡು ಸಲ ಮೇಲೆಯೇ ಕತ್ತರಿಸಿ, ಗಾಳ, ಸೀಸದ ಗುಂಡು, ಅರ್ಧ ರೀಲು ದಾರ ಎಲ್ಲವನ್ನೂ ಸಮುದ್ರಕ್ಕೆ ಒಪ್ಪಿಸಿತ್ತು. ದಿನ ಮುಗಿಯುವಾಗ ಹೇಗೋ ಒಂದು ಬಡಕಲು ಮೀನು ಸಿಕ್ಕಿತು. ಪಕ್ಕದಲ್ಲಿದ್ದವರು ಬೆಟ್ಟದ ಮೇಲಿನ ದೇವಾಲಯದ ಗುರುಗಳು, ತೆತ್ಸುಗೆನ್. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗುರುಗಳ ಪೆಟ್ಟಿಗೆಯಲ್ಲಿ ಹನ್ನೊಂದು ಮೀನು. ಒಂದೊಂದಕ್ಕೂ ಅಲ್ಲೇ ಒಂದು ಸೂತ್ರ ಪಠಿಸಿ, ಅಲ್ಲೇ ಮಂಜುಗಡ್ಡೆಗೆ ಹಾಕುತ್ತಿದ್ದರು.

"ಲೋ ಶಿಗೆ, ಬರೋ ಸೋಮವಾರ ನೀನು ಸನ್ಯಾಸಿ ಆಗೋದು ಖಂಡಿತ" ಎಂದರು ಗುರುಗಳು.

ಒಂದೂ ಮೀನು ಸಿಗದೆ ದಡಕ್ಕೆ ಮರಳಿದವನನ್ನು ಅಲ್ಲಿ ಸನ್ಯಾಸಿ ಎನ್ನುತ್ತಾರೆ. ಸನ್ಯಾಸಿಯ ತಲೆಯೂ ಬೋಳು, ಅವನ ಪೆಟ್ಟಿಗೆಯೂ ಬೋಳು.

"ಮೂವತ್ತು ವರ್ಷದಲ್ಲಿ ಒಂದು ದಿನಾನೂ ಆಗಿಲ್ಲ. ಸನ್ಯಾಸಿ ಆಗೋದು ನಿಮ್ಮ ಮನೆತನದ ಕಸುಬು, ನಮ್ಮದಲ್ಲ."

"ಒಂದು ವೇಳೆ ಆದರೆ?"

"ಆದರೆ ನಿಮ್ಮ ಕೈಯಿಂದಲೇ ತಲೆ ಬೋಳಿಸಿಕೊಳ್ತೀನಿ, ಹೋಗ್ರೀ!"

ಅಂದ ಮೇಲೆ ಅವನಿಗೆ ತಾನು ಅಂದದ್ದು ಕೇಳಿಸಿತು. ಅಷ್ಟರಲ್ಲಿ ತಾಂಡೇಲ ಮೇಲಿನ ಕೋಣೆಯಿಂದ ಲೌಡ್‌ಸ್ಪೀಕರಿನಲ್ಲಿ, "ಇಸೊಗೈ ಅವರ ತಲೆ ಪಣಕ್ಕಿದೆ, ಎಲ್ಲರೂ ಕೇಳಿಸಿಕೊಳ್ಳಿ" ಎಂದು ಸಾರಿಬಿಟ್ಟಿದ್ದ. ಗುರುಗಳು ಕಣ್ಣು ಕಿರಿದಾಗಿಸಿ ನಕ್ಕರು. "ಆಯ್ತಪ್ಪ. ನೀನು ಒಂದೇ ಒಂದು ಮೀನು ಹಿಡಿ, ಸಾಕು. ವರ್ಷದ ಕೊನೆ ದಿನ ದೇವಾಲಯದ ಗಂಟೆ ಬಾರಿಸೋವಾಗ ನಾನೂ ನಿನ್ನ ಥರದ್ದೇ ಕ್ರಾಪು ಬಿಟ್ಕೊಂಡು ನಿಲ್ತೀನಿ."

ದೋಣಿಯೆಲ್ಲ ನಕ್ಕಿತು. ಶಿಗೆಮಿತ್ಸುವೂ ನಕ್ಕ. ಹತ್ತು ದಿನಕ್ಕೊಮ್ಮೆ ಗುರುಗಳ ತಲೆ ಬೋಳಿಸುವವನು ಅವನೇ. ಆ ತಲೆಯ ಗುಟ್ಟು ಅವನಿಗೆ ಗೊತ್ತು. ಕಿವಿಯ ಸುತ್ತ ಎರಡು ಬೆರಳು ಬಿಟ್ಟರೆ ಮೇಲೆ ಬೋಳಿಸುವುದಕ್ಕೆ ಹತ್ತು ವರ್ಷದಿಂದ ಏನೂ ಇಲ್ಲ. ಆದರೂ ಕಸುಬಿನ ಮರ್ಯಾದೆ ಎಂದು ಅಲ್ಲಿಗೂ ನೊರೆ ಹಚ್ಚಿ, ಬರಿಯ ಚರ್ಮದ ಮೇಲೆ ಕತ್ತಿ ಆಡಿಸಿ, ಬಿಸಿ ಟವೆಲು ಹೊದಿಸಿ ಕಳಿಸುತ್ತಿದ್ದ. ಕ್ರಾಪು ಬಿಡುತ್ತಾರಂತೆ ಕ್ರಾಪು! ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವರ ಜೊತೆ ಪಂಥ ಕಟ್ಟಬಾರದು ಎನ್ನುವುದು ಇದಕ್ಕೇ. ಸೋತರೆ ಗುರುಗಳ ಕತ್ತಿ ತನ್ನ ತಲೆಗೆ ಬರುತ್ತದೆ. ಕತ್ತಿಯ ಮೊದಲ ಎಳೆತಕ್ಕೇ ಇಡೀ ಅಲೆ ಕೈಗೆ ಬರುತ್ತದೆ. ಅಲ್ಲಿಗೆ ಬೋರ್ಡೂ ಹೋಯಿತು, ಎಣ್ಣೆಯ ಸೀಸೆಗಳೂ ಹೋದವು.

ಒಂದು ಮೀನು. ಒಂದೇ ಒಂದು ಮೀನು ಬೇಕು. ಅದಕ್ಕೆ ಮೊದಲು, ಹಲ್ಲಿಗೆ ಸಿಗದ ದಾರ ಬೇಕು.

ಶನಿವಾರ ಮಧ್ಯಾಹ್ನ ಅವನು ಅಂಗಡಿಯ ಬಾಗಿಲಿಗೆ 'ಈಗ ಬಂದೆ' ಎಂಬ ಹಲಗೆ ತೂಗುಹಾಕಿ, ಕುಜಿ ಮಸಾನೊಳ ಗಾಳದಂಗಡಿಗೆ ನಡೆದ. ಮಸಾನೊಗೆ ಎಪ್ಪತ್ತೆರಡು. ಮೂಗಿನ ತುದಿಗೆ ಕನ್ನಡಕ, ಬಾಯಿ ತುದಿಗೆ ಮಾತು. ಅವಳ ಅಂಗಡಿಯ ಒಂದು ಗೋಡೆ ತುಂಬ ನೆಲದಿಂದ ಸೂರಿನ ತನಕ ಹೆಣೆದ ದಾರದ ಉರುಳೆಗಳು: ನಾಲ್ಕೆಳೆಯದು, ಎಂಟೆಳೆಯದು, ಹನ್ನೆರಡೆಳೆಯದು, ತೆಳುವಿನಿಂದ ದಪ್ಪಕ್ಕೆ ನಂಬರಿನ ಪ್ರಕಾರ ಸಾಲಾಗಿ. ಹೊರಗಿನವರಿಗೆ ಅದು ದಾರದ ಗೋಡೆ. ಶಿಗೆಮಿತ್ಸುವಿಗೆ ಜಡೆಗಳ ಗೋಡೆ.

"ಬಾ ಮಾರಾಯ" ಎಂದಳು ಮಸಾನೊ. "ತಲೆ ಉಳಿಸ್ಕೊಳ್ಳೋಕೆ ಬಂದ್ಯಾ?"

"ನಿಮಗೂ ತಲುಪ್ತಾ ಅಕ್ಕ?"

"ತಾಂಡೇಲ ಮೈಕಿನಲ್ಲಿ ಹೇಳಿದ್ದು ಎದುರು ದಡಕ್ಕೂ ಕೇಳ್ಸಿದೆ. ಅಲ್ಲಿನ ಕೋತಿಗಳೂ ಮಾತಾಡ್ಕೋತಿವೆಯಂತೆ."

ಅವನು ನಾಲ್ಕೆಳೆಯ ಎರಡನೇ ನಂಬರು ತೆಗೆದು, ತುದಿ ಬಿಚ್ಚಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿ, ಕಣ್ಣು ಮುಚ್ಚಿದ. ನಲವತ್ತು ವರ್ಷ ಕೂದಲು ಹಿಡಿದ ಬೆರಳು ಅದು. "ಒರಟು. ಎಣ್ಣೆ ಕಾಣದ ಜುಟ್ಟು."

"ಒರಟಾದರೂ ಗಟ್ಟಿಗಿತ್ತಿ. ಗಾಳದ ಕೋಲಿನ ಬಳೆಗಳಲ್ಲಿ ಹಾಯೋವಾಗ ಸ್ವಲ್ಪ ಅಳ್ತಾಳೆ, ಅಷ್ಟೆ."

ಎಂಟೆಳೆಯದನ್ನು ಹಿಡಿದ. ಮುಖ ಅರಳಿತು. "ಇದು ಮದುವೆ ದಿನ ತೊಳೆದು ಬಾಚಿದ ಕೂದಲು."

"ಹಾಗಾದರೆ ಎಂಟೆಳೆ, ಎರಡನೇ ನಂಬರು, ಐದು ಬಣ್ಣದ್ದು, ಇನ್ನೂರು ಮೀಟರು. ತಾಂಡೇಲನ ಕಾನೂನೇ ಅದು. ತಗೊಂಡು ಹೋಗು." ಮಸಾನೊ ಉರುಳೆ ತೆಗೆದು ಮುಂದಿಟ್ಟಳು. ಹತ್ತು ಮೀಟರಿಗೊಂದು ಬಣ್ಣ: ನೀಲಿ, ಕೆಂಪು, ಹಸಿರು, ಹಳದಿ, ನೇರಳೆ, ಮತ್ತೆ ನೀಲಿಯಿಂದ ಶುರು. ತಾಂಡೇಲ "ಎಪ್ಪತ್ತರಿಂದ ಐವತ್ತೈದು" ಎಂದು ಕೂಗಿದರೆ ಬಣ್ಣ ಎಣಿಸುತ್ತ ಏಳು ಬಣ್ಣ ಬಿಡಬೇಕು, ಅಲ್ಲಿಂದ ಮೇಲಕ್ಕೆ ಕುಣಿಸುತ್ತ ಎತ್ತಬೇಕು. ಕತ್ತಿಮೀನು ಆ ಆಳ ಬಿಟ್ಟು ಒಂದು ಮೊಳ ಆಚೀಚೆ ಬರುವುದಿಲ್ಲ.

ಶಿಗೆಮಿತ್ಸು ಉರುಳೆಯನ್ನು ಹಿಂದಕ್ಕೆ ತಳ್ಳಿದ. "ಬಣ್ಣದ್ದು ಬೇಡ. ಹೋದ ವಾರ ಎರಡು ಸಲವೂ ಕತ್ತರಿಸಿದ್ದು ಎಲ್ಲಿ ಗೊತ್ತಾ? ಕೆಂಪು ಮುಗಿದು ಹಸಿರು ಶುರುವಾಗೋ ಕಡೆ. ಆ ಮೀನಿಗೆ ಬಣ್ಣ ಬದಲಾಗೋದು ಕಂಡರೆ ಆಗಲ್ಲ."

"ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕಬೇಡ."

ಶಿಗೆಮಿತ್ಸು ಬೆಚ್ಚಿದ. ಅವಳು ಗಾದೆ ಹೇಳಿದ್ದಳಷ್ಟೆ. ಆದರೂ ಅವನ ಕೈ ತನ್ನಷ್ಟಕ್ಕೆ ಹಣೆಯತ್ತ ಹೋಗಿ ಅಲೆಯ ಅಂಚನ್ನು ಮುಟ್ಟಿಕೊಂಡು ಬಂತು.

"ನೀನು ಕುಣಿಸೋದು ನಿಲ್ಸಿ ಆಕಾಶ ನೋಡ್ತಾ ನಿಂತಿರ್ತೀಯ, ದಾರ ಸಡಿಲ ಬೀಳುತ್ತೆ, ಅದರ ಹಲ್ಲಿಗೆ ತಾಗುತ್ತೆ. ಕುಣಿಯಲಾರದವಳಿಗೆ ನೆಲ ಡೊಂಕು. ದಾರಕ್ಕೆ ಯಾಕೆ ಬೈತೀಯ?"

"ಬಿಳೀದು ಕೊಡಿ ಅಕ್ಕ. ಅಪ್ಪಟ ಬಿಳಿ. ಮೀನಿಗೆ ಕಾಣಲೇ ಬಾರದು."

"ಅದು ದಡದ ಮೇಲೆ ನಿಂತು ಎಸೆಯೋರ ದಾರ. ಆಳ ಹೇಗೆ ಅಳೀತೀಯ? ಮೊಮ್ಮಗಳ ಲಂಗದ ಹಾಗೆ ಗೇಣು ಹಾಕ್ತೀಯಾ?"

"ಅದಕ್ಕೆ ನನ್ನ ಹತ್ರ ಉಪಾಯ ಇದೆ."

"ನಿನ್ನ ಉಪಾಯ ಅಂದ್ರೆ ನಂಗೆ ಭಯ" ಎನ್ನುತ್ತಲೇ ಮಸಾನೊ ಏಣಿ ಹತ್ತಿ, ಮೇಲಿನ ಸಾಲಿನಿಂದ ಧೂಳು ಹಿಡಿದ ಬಿಳಿಯ ಉರುಳೆ ಇಳಿಸಿದಳು. ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು, ಏನೋ ನೆನಪಾದವಳ ಹಾಗೆ ಕೇಳಿದಳು: "ಅದೂ ಬೇಕೇನು? ಪಾಯಿಂಟ್ ಮೂರು ನಂಬರು? ಕಾಣೆ ಮೀನಿಗೆ?"

ಶಿಗೆಮಿತ್ಸು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದ. ವಿಗ್ಗಿನ ಮುಂದಂಚು ಸಡಿಲವಾಗಿತ್ತು, ಹೊಲಿಯಬೇಕಿತ್ತು. ಅಂಥ ಹೊಲಿಗೆಗೆ ಸಾಮಾನ್ಯ ನೂಲು ನಿಲ್ಲುವುದಿಲ್ಲ. ಕೂದಲಿಗಿಂತ ತೆಳ್ಳಗೆ, ಎಳೆದರೆ ಬೆರಳು ಕುಯ್ಯುವಷ್ಟು ಗಟ್ಟಿ ಇರುವ ಪಾಯಿಂಟ್ ಮೂರರ ಹೆಣೆದ ದಾರವೇ ಬೇಕು. ವರ್ಷಕ್ಕೆ ಎರಡು ಸಲ 'ಕಾಣೆ ಮೀನಿಗೆ' ಎಂದು ಹೇಳಿ ಒಯ್ಯುತ್ತಿದ್ದ.

"ಹ್ಞೂಂ. ಕಾಣೆ ಮೀನಿಗೆ."

"ಚಳಿಗಾಲದಲ್ಲಿ ಕಾಣೆ?"

"ತಡವಾಗಿ ಬಂದಿವೆ."

"ನೀನು ಹಿಡಿದ ಕಾಣೆಯನ್ನು ಈ ಊರಲ್ಲಿ ಒಬ್ಬರೂ ಕಾಣೆವಪ್ಪ" ಎಂದ ಮಸಾನೊ, ಗೋಡೆಯ ಕಡೆಗೂ ಹೋಗದೆ, ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಿಂದ ಮೊದಲೇ ಕಾಗದ ಸುತ್ತಿಟ್ಟಿದ್ದ ಸಣ್ಣ ಪೊಟ್ಟಣ ತೆಗೆದು ಕೊಟ್ಟಳು. ಅದು ಮೊದಲೇ ಯಾಕೆ ಸುತ್ತಿತ್ತು ಎಂದು ಅವನು ಯೋಚಿಸಲಿಲ್ಲ. ಗುಟ್ಟು ಇರುವವರಿಗೆ ಎದುರಿನವರ ಗುಟ್ಟು ಕಾಣುವುದಿಲ್ಲ.

ಭಾನುವಾರ ಗಿರಾಕಿಗಳ ನಡುವೆ ಬಿಡುವಾದಾಗಲೆಲ್ಲ ಉಪಾಯ ನಡೆಯಿತು. ಮೊದಲ ಕುರ್ಚಿಯಿಂದ ಬಾಗಿಲಿನ ಗೂಟಕ್ಕೆ ಸರಿಯಾಗಿ ಐದು ಮೀಟರು. ಹೋಗಿ ಬಂದರೆ ಹತ್ತು. ಬಿಳಿ ದಾರವನ್ನು ಹಾಗೆ ಎಳೆದು, ಹತ್ತಕ್ಕೆ ಒಂದು ಪಟ್ಟೆ, ಇಪ್ಪತ್ತಕ್ಕೆ ಎರಡು ಪಟ್ಟೆ ಎಂದು, ಗಿರಾಕಿಗಳ ತಲೆಗೆ ಹಚ್ಚುವ ಕಪ್ಪು ಬಣ್ಣವನ್ನೇ ಸಣ್ಣ ಕುಂಚದಿಂದ ಬಳಿದ. ಪಟ್ಟೆ ಸಣ್ಣದು, ಕತ್ತಿಮೀನಿಗೆ ಕಾಣದು. ತನಗೆ ಕಂಡರೆ ಸಾಕು. ಬಳಿದ ಕಡೆಯೆಲ್ಲ ಬೆಳ್ಳಿ ಕಾಗದ ಸುತ್ತಿ ನಲವತ್ತು ನಿಮಿಷ ಬಿಟ್ಟ.

ಫುಸಾಎ ಟವೆಲು ಮಡಚುತ್ತ ನೋಡುತ್ತಿದ್ದಳು. "ಕೂದಲಿಗೆ ಹಿಡಿಯೋ ಬಣ್ಣ ಅದಕ್ಕೆ ಹಿಡಿಯುತ್ತೇನ್ರೀ? ಅದು ಪ್ಲಾಸ್ಟಿಕ್ಕು."

"ಎಳೆ ಅಂದ್ಮೇಲೆ ಎಳೆಯೇ. ನಲವತ್ತು ವರ್ಷದ ಕಸುಬು ನಂದು."

"ನಲವತ್ತು ವರ್ಷದ ಕಸುಬಿನವರು ಆ ವಿಗ್ಗಿನ ಅಂಟು ಮುಗಿದಿದೆ ಅಂತ ನೋಡಿದ್ರಾ?"

ನೋಡಿರಲಿಲ್ಲ. ಅಂಚನ್ನು ಪಾಯಿಂಟ್ ಮೂರರಿಂದ ಚೆಂದಕ್ಕೆ, ಒತ್ತೊತ್ತಾಗಿ ಹೊಲಿದಿದ್ದ. ಆದರೆ ಹೊಲಿಗೆ ಹಿಡಿಯುವುದು ವಿಗ್ಗನ್ನು. ವಿಗ್ಗನ್ನು ತಲೆಗೆ ಹಿಡಿಯುವುದು ಅಂಟು. ಸೀಸೆ ಹಿಂಡಿದರೆ ಬಂದದ್ದು ಒಂದು ಹನಿ. ಉಳಿದದ್ದಕ್ಕೆ ಎರಡು ಕ್ಲಿಪ್ಪು ಹಾಕಿದರಾಯಿತು ಎಂದ.

"ಟೊಪ್ಪಿ ಹಾಕ್ಕೊಂಡು ಹೋಗಿ."

"ಈ ಕ್ರಾಪಿಗೆ ಯಾವ ಟೊಪ್ಪಿ ಕೂರುತ್ತೆ? ಟೊಪ್ಪಿ ಹಾಕಿದರೆ ಗುರುಗಳಿಗೆ ಸಂಶಯ ಬರುತ್ತೆ."

ಫುಸಾಎ ಮಡಚಿದ ಟವೆಲುಗಳಲ್ಲಿ ಒಂದನ್ನು ಅವನ ಚೀಲಕ್ಕೆ ತುರುಕಿದಳು.

ಸೋಮವಾರ ಗಾಳಿ ಸ್ವಲ್ಪ ಇತ್ತು. ಜಾಗದ ಚೀಟಿ ಎತ್ತಿದರೆ ಗುರುಗಳ ಪಕ್ಕವೇ ಬಂತು. ಮೊದಲ ಸಲ ದಾರ ಬಿಟ್ಟಾಗ ಪಟ್ಟೆಗಳು ಒಂದು, ಎರಡು, ಮೂರು ಎಂದು ಠೀವಿಯಿಂದ ಬೆರಳ ಕೆಳಗೆ ಹಾದುಹೋದವು. ಶಿಗೆಮಿತ್ಸು ಗುರುಗಳ ಕಡೆ ಹುಬ್ಬು ಹಾರಿಸಿದ. ಎರಡನೆಯ ಸಲ ನಾಲ್ಕರ ಪಟ್ಟೆ ಎರಡರ ಹಾಗೆ ಕಂಡಿತು. ಮೂರನೆಯ ಸಲ ಪಟ್ಟೆ ದಾರದ ಮೇಲಿರಲಿಲ್ಲ, ಅವನ ಹೆಬ್ಬೆರಳ ಮೇಲಿತ್ತು. ಬೆವರು ಒರೆಸಿಕೊಂಡ ಮೇಲೆ ಹಣೆಯ ಮೇಲೂ ಇತ್ತು.

"ಶಿಗೆ, ಹುಬ್ಬು ಮೂರಾಗಿದೆ ನಿಂದು" ಎಂದರು ಗುರುಗಳು, ನಾಲ್ಕನೆಯ ಮೀನಿಗೆ ಸೂತ್ರ ಹೇಳುವುದನ್ನು ನಡುವೆ ನಿಲ್ಲಿಸಿ.

ಬಿಳಿಯ ದಾರ ಬಿಳಿಯಾಗೇ ಸಮುದ್ರಕ್ಕಿಳಿಯಿತು. ಅರವತ್ತೋ ಎಂಬತ್ತೋ, ದೇವರೇ ಬಲ್ಲ. ಗುರುಗಳ ಐದು ಬಣ್ಣದ ದಾರವನ್ನು ಕಳ್ಳಗಣ್ಣಿನಿಂದ ನೋಡಿ, ಅವರು ನಿಲ್ಲಿಸಿದಾಗ ನಿಲ್ಲಿಸುವುದೆಂದು ಮಾಡಿದ. ಗುರುಗಳಿಗೆ ಅದು ಹೇಗೋ ತಿಳಿಯಿತು; ಬೇಕೆಂದೇ ನಲವತ್ತರಲ್ಲಿ ಒಮ್ಮೆ, ತೊಂಬತ್ತರಲ್ಲಿ ಒಮ್ಮೆ ನಿಲ್ಲಿಸಿ, ಕೆಮ್ಮಿ, ಮೂಗು ಒರೆಸಿ, ಆಮೇಲೆ ಸರಿಯಾದ ಆಳಕ್ಕೆ ಹೋಗುತ್ತಿದ್ದರು. ಸುತ್ತಲೂ ಬೆಳ್ಳಿಯ ಪಟ್ಟಿಗಳು ಏಳುತ್ತಿದ್ದವು. ಶಿಗೆಮಿತ್ಸುವಿನ ಬಂಗುಡೆಯ ತುಂಡು ಮಾತ್ರ ಇಳಿದ ಹಾಗೇ ಮೇಲೆ ಬರುತ್ತಿತ್ತು. ತಾಂಡೇಲ ಗಂಟೆಗೊಮ್ಮೆ, "ಎಡಗಡೆ, ಹಿಂದಿನಿಂದ ಎರಡನೆಯ ಕೋಲು, ಸನ್ಯಾಸದ ಹಾದಿಯಲ್ಲಿದೆ" ಎಂದು ಸುದ್ದಿ ಓದುತ್ತಿದ್ದ.

"ಇನ್ನು ಹದಿನೈದು ನಿಮಿಷ" ಎಂದ ತಾಂಡೇಲ. ಕೊನೆಯ ಸಲವೆಂದು ಬಿಟ್ಟ ದಾರ ಎಲ್ಲಿಗೆ ಹೋಯಿತೋ, ಹೊಳೆಯ ಹಾಗೆ ಹರಿಯುತ್ತಿದ್ದ ನೀರಿನಲ್ಲಿ ಅಡ್ಡಡ್ಡ ತೇಲಿ ಗುರುಗಳ ದಾರಕ್ಕೆ ಸುತ್ತಿಕೊಂಡಿತು.

"ಹಬ್ಬ! ಹಬ್ಬ!" ಎಂದು ದೋಣಿ ಕೂಗಿತು. ಒಬ್ಬರ ದಾರ ಇನ್ನೊಬ್ಬರ ದಾರಕ್ಕೆ ಸಿಕ್ಕುಬಿದ್ದರೆ ಅದನ್ನು ಅಲ್ಲಿ ಹಬ್ಬ ಎನ್ನುತ್ತಾರೆ. ತಾಳ ತಪ್ಪಿ ಎಲ್ಲರೂ ಒಟ್ಟಿಗೆ ಕುಣಿಯುವುದರಿಂದ ಇರಬೇಕು.

ಎರಡೂ ದಾರಗಳನ್ನು ಮೇಲೆತ್ತಿ, ಇಬ್ಬರೂ ದೋಣಿಯ ಅಂಚಿಗೆ ಬಗ್ಗಿ, ತಲೆಗೆ ತಲೆ ತಾಗಿಸಿ ಸಿಕ್ಕು ಬಿಡಿಸತೊಡಗಿದರು. ಶಾಲೆಗೆ ಹೊತ್ತಾದ ಮಗಳ ಜಡೆ ಬಿಡಿಸುವ ತಾಯಿಯ ಸಹನೆ ಇಬ್ಬರಿಗೂ ಇರಲಿಲ್ಲ.

"ಎಳೀಬೇಡ್ರೀ!"

"ನಾನೆಲ್ಲೋ ಎಳೆದೆ? ನಿನ್ನ ಗುಂಡು ಬಿಡು ಸ್ವಲ್ಪ."

"ನೀವು ಬಿಡಿ ಮೊದ್ಲು."

ಗುರುಗಳು ಬಿಟ್ಟರು. ಸಿಕ್ಕು ಬಿಚ್ಚಿಕೊಂಡು ಶಿಗೆಮಿತ್ಸುವಿನ ಸೀಸದ ಗುಂಡು ಕೆಳಕ್ಕೆ ಜಾರಿತು. ದೋಣಿ ಒಂದು ಸಲ ಮಗುಚುವಂತೆ ವಾಲಿತು. ಗಾಳಿಯಲ್ಲಿ ತೂಗುತ್ತಿದ್ದ ಅವನದೇ ಕೊಕ್ಕೆ ಅವನ ಹಣೆಯ ಮೇಲೆ ಹಾದು, ಪಾಯಿಂಟ್ ಮೂರರಿಂದ ಒತ್ತೊತ್ತಾಗಿ ಹೊಲಿದ ಆ ಅಂಚಿಗೆ ಮುದ್ದಾಗಿ ನೆಟ್ಟಿತು. ಟಪ್, ಟಪ್. ಎರಡು ಕ್ಲಿಪ್ಪುಗಳು. ಅಂಟಿನ ಆ ಒಂದು ಹನಿ ಒಂದು ಕ್ಷಣ ಜಗ್ಗಾಡಿ ನೋಡಿತು. ಆಮೇಲೆ ಹನ್ನೊಂದು ವರ್ಷದ ಅಲೆ ಕೊನೆಗೂ ಸಮುದ್ರ ಸೇರಿತು. ಗುಂಡು ಅದನ್ನು ಹಿಡಿದುಕೊಂಡು ಸರ್ರನೆ ಇಳಿದುಹೋಯಿತು.

ಶಿಗೆಮಿತ್ಸುವಿಗೆ ನೆತ್ತಿಯ ಮೇಲೆ ಗಾಳಿ ತಾಗಿತು. ಚೀಲಕ್ಕೆ ಕೈ ಹಾಕಿ ಫುಸಾಎಯ ಟವೆಲು ಎಳೆದು ತಲೆಗೆ ಸುತ್ತಿಕೊಂಡದ್ದು ಯಾವಾಗ ಎಂದು ಅವನಿಗೇ ತಿಳಿಯಲಿಲ್ಲ. ಗುರುಗಳು ಆಕಾಶ ನೋಡುತ್ತಿದ್ದರು. ಅಷ್ಟು ಗಮನವಿಟ್ಟು ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಉಳಿದವರು ತಮ್ಮ ತಮ್ಮ ಕೊನೆಯ ಮೀನಿನ ಧ್ಯಾನದಲ್ಲಿದ್ದರು.

ಅವನು ರೀಲಿಗೆ ಬಿದ್ದ. ಮೀನಿನ ನೆನಪು ಅವನಿಗಿರಲಿಲ್ಲ, ಆಳದ ನೆನಪೂ ಇರಲಿಲ್ಲ, ಬೇಕಿದ್ದದ್ದು ಕೂದಲು. ಹಿಡಿ ಹಿಡಿದು ಹುಚ್ಚನ ಹಾಗೆ ಸುತ್ತಿದ, ಉಸಿರು ಕಟ್ಟಿ ನಿಲ್ಲಿಸಿದ, ಮತ್ತೆ ಸುತ್ತಿದ, ಕೈ ಸೆಡೆತು ನಿಲ್ಲಿಸಿದ. ಕತ್ತಿಮೀನಿಗೆ ಎರೆಯನ್ನು ಹೇಗೆ ಕುಣಿಸಬೇಕೆಂದು ಮಸಾನೊ ಮೂವತ್ತು ವರ್ಷದಿಂದ ಬಡಿದುಕೊಂಡಿದ್ದಳೋ, ಸರಿಯಾಗಿ ಹಾಗೆ. ಮೂರನೆಯ ಸಲ ಸುತ್ತಲು ಹೋದರೆ ಕೋಲು ಕೆಳಕ್ಕೆ ಬಾಗಿತು.

"ಅಯ್ಯೋ, ಬಂಡೆಗೆ ಸಿಕ್ಕಿತು ನನ್ನ..." ಎಂದವನು ಮಾತು ನುಂಗಿದ. ಬಂಡೆ ಹೀಗೆ ತಲೆ ಅಲ್ಲಾಡಿಸುವುದಿಲ್ಲ.

ನೀರಿನ ಕೆಳಗೆ ಬೆಳ್ಳಿ ಹೊಳೆಯಿತು. ಅದರ ಬಾಯಿಯಲ್ಲಿ ಕಪ್ಪಗೆ ದೊಡ್ಡದೇನೋ ಇತ್ತು. ದೋಣಿಯ ಕಣ್ಣುಗಳೆಲ್ಲ ಅಲ್ಲಿಗೆ ತಿರುಗಿದವು.

"ಬೆಕ್ಕು ಹಿಡಿದಿದೆ ಕಣ್ರೋ!"

"ಬೆಕ್ಕಲ್ಲ, ಸಮುದ್ರದ ಅಳಿಲು!"

ಮೀನು ದೋಣಿಯೊಳಗೆ ಬಿದ್ದು ಒದ್ದಾಡಿತು. ಒಂದು ಮಾರುದ್ದ, ಕೈಯಗಲ, ಆ ದಿನದ್ದರಲ್ಲೇ ದೊಡ್ಡದು. ಅದರ ಸೂಜಿಹಲ್ಲುಗಳು ವಿಗ್ಗಿನ ಅಂಚಿನ ಹೊಲಿಗೆಯಲ್ಲಿ ಹೂತು ಬಿಡಿಸಿಕೊಳ್ಳಲಾಗದೆ ಸಿಕ್ಕಿಬಿದ್ದಿದ್ದವು. ಲೌಡ್‌ಸ್ಪೀಕರು ಗಂಟಲು ಸರಿಮಾಡಿಕೊಂಡಿತು.

"ಎಡಗಡೆ, ಹಿಂದಿನಿಂದ ಎರಡನೆಯ ಕೋಲು. ಒಂದು ಮೀನು. ಎರೆ... ಎರೆ ಏನಂತ ಹೇಳ್ಲಿ?"

ಗುರುಗಳು ಬಗ್ಗಿ, ಕನ್ನಡಕ ಏರಿಸಿ, ನ್ಯಾಯಾಧೀಶರ ಗತ್ತಿನಲ್ಲಿ ಪರೀಕ್ಷಿಸಿದರು. "ಇಲ್ಲೊಂದು ತೊಡಕಿದೆ. ಕೊಕ್ಕೆ ಯಾರದೋ ಮೀನು ಅವರದು. ಅದು ಸರಿ. ಆದರೆ ಕೊಕ್ಕೆ ಮೀನಿನ ಬಾಯಲ್ಲಿಲ್ಲ. ಕೊಕ್ಕೆ ಕೂದಲಲ್ಲಿದೆ, ಕೂದಲು ಮೀನಿನ ಬಾಯಲ್ಲಿದೆ. ಅಂದ್ಮೇಲೆ ಕೂದಲು ಯಾರದೋ ಮೀನು ಅವರದಾಗಬೇಕು. ಯಾರದಪ್ಪ ಈ ಕೂದಲು? ಸಮುದ್ರದಲ್ಲಿ ಬಿದ್ದಿದ್ದೋ?"

ಶಿಗೆಮಿತ್ಸು ಮೀನನ್ನು ನೋಡಿದ. ಸಮುದ್ರದಲ್ಲಿ ಬಿದ್ದಿದ್ದು ಎಂದರೆ ಇವತ್ತಿಗೆ ಟವೆಲು ಉಳಿಯುತ್ತದೆ, ಆದರೆ ಅವನು ಸನ್ಯಾಸಿ. ನಾಳೆ ಗುರುಗಳ ಕತ್ತಿಯ ಮುಂದೆ ಟವೆಲು ಬಿಚ್ಚಲೇಬೇಕು. ನನ್ನದು ಎಂದರೆ ಟವೆಲು ಈಗಲೇ ಹೋಯಿತು. ಎರಡು ಕಡೆಯೂ ಬೋಳೇ. ಒಂದು ಕಡೆ ಮಾತ್ರ ಮೀನಿತ್ತು. ಎಂಥ ಮೀನು ಅದು! ಮೂವತ್ತು ವರ್ಷದಲ್ಲಿ ಅವನು ಅಷ್ಟು ದೊಡ್ಡದನ್ನು ಹಿಡಿದಿರಲಿಲ್ಲ.

ಟವೆಲು ಕಿತ್ತು ನೆಲಕ್ಕೆ ಬಿಸುಟ.

"ಕೂದಲು ನಂದು!" ಎಂದು ಕಿರುಚಿದ. "ಕೊಕ್ಕೆ ನಂದು, ಮೀನೂ ನಂದು! ನಾನು ಸನ್ಯಾಸಿ ಅಲ್ಲ!"

ಸೂರ್ಯ ಆಗಲೇ ಮೋಡದಿಂದ ಹೊರಗೆ ಬರಬೇಕಿತ್ತೇ? ಬಂದ. ನೆತ್ತಿ ಫಳ್ಳನೆ ಹೊಳೆಯಿತು. ಮೂರು ಹುಬ್ಬಿನ, ಬೋಳುತಲೆಯ ಮನುಷ್ಯ ಮೀನನ್ನು ಎದೆಗೆ ಒತ್ತಿಕೊಂಡು ತಾನು ಸನ್ಯಾಸಿಯಲ್ಲ ಎಂದು ಸಾರುವುದನ್ನು ನೋಡಿ ದೋಣಿಗೆ ದೋಣಿಯೇ ಹೊಟ್ಟೆ ಹಿಡಿದುಕೊಂಡು ಬಿತ್ತು. ತಾಂಡೇಲ ಮೈ ಕುಲುಕಿಸಿ ನಕ್ಕದ್ದು ಲೌಡ್‌ಸ್ಪೀಕರಿನಲ್ಲಿ ಎದುರು ದಡಕ್ಕೂ ಕೇಳಿಸಿರಬೇಕು.

ದಡಕ್ಕೆ ಮರಳುವಾಗ ಶಿಗೆಮಿತ್ಸು ಮೆಲ್ಲಗೆ ಕೇಳಿದ. "ಲೋ ತೆತ್ಸು, ನಿಂಗೆ ಗೊತ್ತಿತ್ತಾ?"

ಶಾಲೆಯ ಹೆಸರು ಹಿಡಿದು ಕರೆದದ್ದಕ್ಕೆ ಗುರುಗಳು ಬೇಸರಿಸಲಿಲ್ಲ. "ನಿನ್ನ ಕುರ್ಚಿ ಹಿಂದಕ್ಕೆ ವಾಲಿಸಿ ಮಲಗಿಸ್ತೀಯಲ್ಲ, ಕೆಳಗಿನಿಂದ ನೋಡಿದರೆ ಏನು ಕಾಣುತ್ತೆ? ನಿನ್ನ ಮೂಗಿನ ಹೊಳ್ಳೆ, ಅದರ ಮೇಲೆ ಬಲೆಯ ಅಂಚು. ಹನ್ನೊಂದು ವರ್ಷದಿಂದ ಹತ್ತು ದಿನಕ್ಕೊಮ್ಮೆ ದರ್ಶನ ಮಾಡ್ತಿದ್ದೀನಿ."

"ಹೇಳಬಾರದಿತ್ತಾ?"

"ಮೇಲೇನೂ ಇಲ್ಲದ ನನ್ನ ತಲೆಗೆ ನೊರೆ ಹಚ್ಚಿ ಕೆರೀತೀಯಲ್ಲ, ನೀನು ಹೇಳಿದ್ಯಾ?"

ಮನೆಗೆ ಬಂದಾಗ ಫುಸಾಎ ಮೊದಲು ತಲೆ ನೋಡಿದಳು, ಆಮೇಲೆ ಮೀನು ನೋಡಿದಳು. "ಇಷ್ಟು ದೊಡ್ಡದಕ್ಕೆ ನಮ್ಮ ಒಲೆಯ ಜಾಲರಿ ಸಾಲದು" ಎಂದು ಕತ್ತರಿ ಹುಡುಕಲು ಹೋದಳು, ಅಷ್ಟೆ. ಉಪ್ಪು ಸವರಿ ಸುಟ್ಟ ಆ ಮೀನನ್ನು ಇಬ್ಬರೂ ಎಲುಬಿನವರೆಗೆ ತಿಂದರು. ವಿಗ್ಗನ್ನು ಮೂರು ಸಲ ಶಾಂಪೂ ಹಾಕಿ ತೊಳೆದು, ಅಂಗಳದಲ್ಲಿ ಟವೆಲುಗಳ ಸಾಲಿನಲ್ಲಿ ಒಣಹಾಕಿದ್ದಾಯಿತು. ಬೀದಿಯ ಬೆಕ್ಕುಗಳು ಅದರ ಕೆಳಗೆ ಶ್ರದ್ಧೆಯಿಂದ ಕೂತವು.

ಮಂಗಳವಾರ ಅಂಗಡಿಗೆ ಎಂದಿಗಿಂತ ಹೆಚ್ಚು ಜನ ಬಂದರು, ಕ್ಷೌರಕ್ಕಲ್ಲದಿದ್ದರೆ ನೋಡುವುದಕ್ಕೆ. ಎಣ್ಣೆಯ ಸೀಸೆ ಕೊಂಡಿದ್ದ ಇಬ್ಬರು ಸೀಸೆ ಹಿಡಿದೇ ಬಂದರು. ಅವರಿಗೆ ಒಂದು ವರ್ಷ ಪುಕ್ಕಟೆ ಕ್ಷೌರ ಎಂದು ಒಪ್ಪಂದವಾಯಿತು. ಬುಧವಾರ ಶಿಗೆಮಿತ್ಸು ಬರಿದಲೆಯಲ್ಲಿ, ಕಿವಿ ಚಳಿಗೆ ಕೆಂಪಾಗಿಸಿಕೊಂಡು, ಮಸಾನೊಳ ಅಂಗಡಿಗೆ ಹೋದ.

ಅವಳು ಎಂಟೆಳೆಯ ಎರಡನೇ ನಂಬರಿನ ಐದು ಬಣ್ಣದ ಉರುಳೆಯನ್ನು ಮುಂದಿಟ್ಟಳು. ಅವನು ಈ ಸಲ ಹಿಂದಕ್ಕೆ ತಳ್ಳದೆ ತೆಗೆದುಕೊಂಡ. ಆಮೇಲೆ ಕೆಮ್ಮಿದ.

"ಪಾಯಿಂಟ್ ಮೂರೂ ಒಂದು ಕೊಡಿ ಅಕ್ಕ."

"ಕಾಣೆ ಮೀನಿಗಾ?"

"ಈ ಸಲ ಆಣೆಗೂ ಕಾಣೆ ಮೀನಿಗೇ. ವಸಂತ ಬರಲಿ, ದಡದಿಂದ ಎಸೆದು ನೋಡೋಣ ಅಂತ."

"ಹಾಗಾದ್ರೆ ಎಂದಿನದು ಬೇಡ" ಎಂದು ಮಸಾನೊ ಗೋಡೆಯಿಂದ ತಿಳಿಹಸಿರಿನ ಉರುಳೆ ಇಳಿಸಿದಳು. "ಇಷ್ಟು ದಿನ ನಿಂಗೆ ಕೊಡ್ತಿದ್ದದ್ದು ಕಪ್ಪು. ಕಪ್ಪು ದಾರ ಹಾಕಿ ಕಾಣೆ ಹಿಡಿಯೋರು ಈ ಭೂಮಿ ಮೇಲಿಲ್ಲ ಮಾರಾಯ. ಹನ್ನೊಂದು ವರ್ಷದಿಂದ ನಿನ್ನೊಬ್ಬನ ತಲೆಗೋಸ್ಕರ ಆ ಬಣ್ಣ ಬೇರೆಯೇ ಹೇಳಿ ತರಿಸ್ತಿದ್ದೆ."

ಶಿಗೆಮಿತ್ಸು ಕಪ್ಪು ಹಿಡಿದ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅಂದರೆ ಆ ಗುಟ್ಟನ್ನು ಇಷ್ಟು ವರ್ಷ ಕಾಯುತ್ತಿದ್ದವನು ಅವನೊಬ್ಬನೇ ಅಲ್ಲ.

"ಉಳಿದ ಕಪ್ಪು ದಾರ ಏನು ಮಾಡ್ತೀರಿ? ನಷ್ಟ ಆಯ್ತಲ್ಲ ನಿಮಗೆ" ಎಂದ, ಸಂಕೋಚದಿಂದ.

"ನಷ್ಟ ಯಾಕೆ?" ಮಸಾನೊ ಡ್ರಾಯರು ಎಳೆದು ತೋರಿಸಿದಳು. ಖಾಲಿ. "ನಿನ್ನೆ ಸಂಜೆ ಗುರುಗಳು ಬಂದು ಅಷ್ಟೂ ಒಯ್ದರು. ಒಂದು ತಲೆಗೆ ಎಷ್ಟು ಮೀಟರು ಬೇಕಾಗುತ್ತೆ ಅಂತ ಕೇಳಿದ್ರು. ನಂಗೇನು ಗೊತ್ತು, ಶಿಗೆಯನ್ನೇ ಕೇಳಿ ಅಂದೆ. ವರ್ಷದ ಕೊನೆಯ ಗಂಟೆ ಹತ್ತಿರ ಬಂತಲ್ಲ, ಇವತ್ತೋ ನಾಳೆಯೋ ಅಳತೆ ಕೊಡೋಕೆ ಬರ್ತಾರೆ ನೋಡು."